ದೀವರ ಚಿತ್ತಾರ ಮತ್ತು ಹೆಣ್ತನದ ಚಿತ್ರಣ: ಸೊರಬ–ಶಿಕಾರಿಪುರ ಸೀಮೆ

ದೀವರ ಚಿತ್ತಾರವೆಂದರೆ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ಹೊಸನಗರದ ಕಡೆ, ಶಿಕಾರಿಪುರದ ಮಲೆನಾಡ ಅಂಚಿನಲ್ಲಿ, ಉತ್ತರ ಕನ್ನಡದ ಸಿದ್ದಾಪುರದ ಸುತ್ತ ನೆಲೆಸಿರುವ ದೀವರ ಮನೆಗಳ ಹೆಂಗಸರು ಗೋಡೆಯ ಮೇಲೂ ಬುಟ್ಟಿಯ ಮೇಲೂ ಬರೆಯುತ್ತ ಬಂದ ರೇಖಾಚಿತ್ರ. ಮದುವೆಯಲ್ಲಿ ಬರೆಯುವುದು ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವುದು ಭೂಮಣ್ಣಿ ಬುಟ್ಟಿಯ ಚಿತ್ತಾರ. ಹೆಣ್ಣನ್ನು ಚಿತ್ರಿಸುವ ಕಲೆ ಈ ಸೀಮೆಗೆ ಹೊಸದಲ್ಲ, ಸಾವಿರ ವರ್ಷದಿಂದ ಕಲ್ಲಿನಲ್ಲಿ ಅದು ನಡೆದೇ ಇದೆ. ಆದರೆ ಕಲ್ಲಿನಲ್ಲಿ ಉಳಿ ಹಿಡಿದವನು ಗಂಡಸು, ಕೆಮ್ಮಣ್ಣಿನ ಗೋಡೆಯ ಮುಂದೆ ನಾರು ಹಿಡಿದು ಕೂತವಳು ಹೆಂಗಸು. ಕೈ ಬದಲಾದಾಗ ಹೆಣ್ತನದ ಚಿತ್ರವೂ ಬದಲಾಗಿದೆ. ಚಿತ್ತಾರದಲ್ಲಿ ಹೆಣ್ಣಿನ ಮುಖವಿಲ್ಲ, ಮೈಮಾಟವಿಲ್ಲ. ಮದುವೆ, ಮನೆ, ಬಸಿರು, ಬೆಳೆ ಇವೆ.

ಕಲ್ಲಿನಲ್ಲಿ ಹೆಣ್ಣು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ 11 ಮತ್ತು 12ನೇ ಶತಮಾನಗಳಲ್ಲಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ಕಲ್ಯಾಣ ಚಾಲುಕ್ಯರ ಕಾಲದ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಈಗಲೂ ಅಲ್ಲಿವೆ. ತ್ರಿಪುರಾಂತಕೇಶ್ವರದ ಪಟ್ಟಿಕೆಯಲ್ಲಿ ಪಂಚತಂತ್ರದ ಕಥೆಗಳ ಜೊತೆಗೆ ಮಿಥುನ ಶಿಲ್ಪಗಳೂ ಇವೆ. ಅದೇ ಊರಿನಲ್ಲಿ ಬೌದ್ಧರ ತಾರಾ ಭಗವತಿಯ ವಿಗ್ರಹವೂ ಇದೆ. ಒಂದನೆಯ ಸೋಮೇಶ್ವರನ ಮಂತ್ರಿ ರೂಪಭಟ್ಟಯ್ಯ 1065ರ ಹೊತ್ತಿಗೆ ಇಲ್ಲಿ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದ. ಹೀಗೆ ಕಾಮದ ಹೆಣ್ಣು, ಕರುಣೆಯ ಹೆಣ್ಣು ಇಬ್ಬರೂ ಒಂದೇ ಪೇಟೆಯ ಆಚೆ ಈಚೆ ಬೀದಿಗಳಲ್ಲಿ ನಿಂತಿದ್ದರು.

ಬಳ್ಳಿಗಾವಿಯ ಹೆಸರು ಕಲೆಯ ಚರಿತ್ರೆಯಲ್ಲಿ ಹೆಚ್ಚು ಕೇಳಿಬರುವುದು ಮಾತ್ರ ಬೇಲೂರಿನಿಂದ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಪ್ರಮುಖರು. ಇಬ್ಬರೂ ತಮ್ಮ ಹೆಸರನ್ನು ಶಿಲ್ಪದ ಅಡಿಯಲ್ಲೇ ಕೆತ್ತಿಸಿಕೊಂಡಿದ್ದಾರೆ. ಬಳಪದ ಕಲ್ಲಿನ ಆ ಹೆಣ್ಣುಗಳು ಕಂಬದ ತಲೆಯಿಂದ ಸೂರಿನತ್ತ ಬಾಗಿ ನಿಂತಿವೆ: ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಳಿಯೊಡನೆ ಮಾತಿಗಿಳಿದಿದ್ದಾಳೆ, ಇನ್ನೊಬ್ಬಳ ಸೀರೆಯ ಸೆರಗನ್ನು ಕೋತಿ ಎಳೆಯುತ್ತಿದೆ. ನಡು ಬಳುಕಿದ ಬಗೆ, ಮೈಮೇಲಿನ ಒಡವೆಯ ನಯ, ಬೆರಳ ತುದಿ, ಯಾವುದರಲ್ಲೂ ಕುಂದಿಲ್ಲ. ಆದರೂ ಅವರು ಏನು ಮಾಡುತ್ತಿದ್ದರೂ ಅದು ನೋಡುವವನಿಗಾಗಿಯೇ. ಈ ಸೀಮೆಯಿಂದ ಹೊರಟ ಅತ್ಯಂತ ಪ್ರಸಿದ್ಧ ಹೆಣ್ಣಿನ ಚಿತ್ರ ಇದು. ಸಹಿ ಇದ್ದದ್ದರಿಂದ ಕೈ ಯಾರದೆಂದೂ ನಮಗೆ ತಿಳಿದಿದೆ. ವಿಷ್ಣುವರ್ಧನನ ರಾಣಿ ಶಾಂತಲೆ ಬಳ್ಳಿಗಾವಿಯ ಮಗಳು ಎಂಬ ಸ್ಥಳೀಯ ನಂಬಿಕೆಯೂ ಈ ಬೇಲೂರಿನ ನಂಟಿನಿಂದಲೇ ಗಟ್ಟಿಯಾಗಿ ಬೇರು ಬಿಟ್ಟಿರಬೇಕು.

ದೇವಾಲಯದಿಂದ ಹೊರಗೆ, ಕೆರೆ ಏರಿಯ ಮೇಲೆ, ಹಾಳುಬಿದ್ದ ಬಯಲಿನಲ್ಲಿ ಸಿಗುವುದು ಇನ್ನೊಂದು ಬಗೆ. ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಲೆಕ್ಕವಿಲ್ಲ. ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲಿನಲ್ಲಿ ಹೆಣ್ಣು ಬಹಳ ಸಲ ಇಡಿಯಾಗಿ ಬರುವುದೇ ಇಲ್ಲ. ಕಂಬದಿಂದ ಹೊರಚಾಚಿ ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು, ಅದರ ತುಂಬ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಬಳೆ ಒಡೆದಿಲ್ಲ, ಅಂದರೆ ಅವಳು ವಿಧವೆಯಾಗಿ ಬದುಕಲಿಲ್ಲ. ಬದುಕಿದ್ದವಳ ಗುರುತನ್ನು ಒಂದು ತೋಳಿಗೆ ಇಳಿಸಿದ ಈ ಶಿಲ್ಪಿಯ ಮಿತವ್ಯಯ ಬೆರಗು ಹುಟ್ಟಿಸುತ್ತದೆ, ಅದರ ಹಿಂದಿನ ಕ್ರೌರ್ಯ ಮೈ ನಡುಗಿಸುತ್ತದೆ.

ಕಲ್ಲಿನ ಮೇಲೆ ಅಕ್ಷರವಾಗಿ ಮಾತ್ರ ಉಳಿದ ಹೆಣ್ಣೂ ಇದ್ದಾಳೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಹೇಳುವ ಜಕ್ಕಿಯಬ್ಬೆ, ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಮೊದಲ ಭಾಗದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು, ಅಂದರೆ ನಾಡಿನ ಆಡಳಿತವನ್ನು, ತಾನೇ ವಹಿಸಿಕೊಂಡು ಆಳಿದಳು. ಕೊನೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಆಡಳಿತ ನಡೆಸಿದ ಹೆಣ್ಣಿಗೆ ಹೊಂದುವ ಭಂಗಿಯೊಂದು ಆ ಕಾಲದ ಶಿಲ್ಪಿಯ ಕೈಪಿಡಿಯಲ್ಲಿ ಇರಲಿಲ್ಲವೆಂದು ತೋರುತ್ತದೆ.

ಉಡುತಡಿ, ಚಂದ್ರಗುತ್ತಿ

ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿ 12ನೇ ಶತಮಾನದ ಅಕ್ಕಮಹಾದೇವಿಯ ಹುಟ್ಟೂರು. ಉಟ್ಟ ಬಟ್ಟೆಯನ್ನು ಬಿಸುಟು, ಕೂದಲನ್ನೇ ಹೊದ್ದು ಹೊರಟವಳು ಅಕ್ಕ. ನೋಟಕ್ಕೆ ಬೆನ್ನು ಹಾಕಿದ ಈ ಹೆಣ್ಣು ಚಿತ್ರಕಾರರಿಗೆ ಒಡ್ಡಿದ ತೊಡಕು ಸಣ್ಣದಲ್ಲ. ಬಟ್ಟೆ ಹಾಕಿದರೆ ಅವಳು ಅಕ್ಕನಲ್ಲ, ಹಾಕದಿದ್ದರೆ ಭಕ್ತರು ಒಪ್ಪುವುದಿಲ್ಲ. ಕ್ಯಾಲೆಂಡರ್ ಚಿತ್ರದಿಂದ ಊರೂರಿನ ಪ್ರತಿಮೆಯವರೆಗೆ ಎಲ್ಲರೂ ಹಿಡಿದ ದಾರಿ ಒಂದೇ: ಮಂಡಿಯವರೆಗೆ ಇಳಿದ ದಟ್ಟ ಕೂದಲು, ಕೈಯಲ್ಲಿ ಇಷ್ಟಲಿಂಗ, ಅರೆ ಮುಚ್ಚಿದ ಕಣ್ಣು. ಅವಳ ವಚನಗಳಲ್ಲಿರುವ ಸಿಟ್ಟು, ಹಟ, ವ್ಯಂಗ್ಯ ಈ ಚಿತ್ರಗಳಲ್ಲಿ ಸುಳಿಯುವುದೇ ಅಪರೂಪ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆಟ್ಟದ ಗುಹೆಯೊಳಗಿನ ರೇಣುಕಾಂಬೆಗೆ ಹರಕೆ ಹೊತ್ತವರು ಬೆತ್ತಲೆ ಸೇವೆ ಸಲ್ಲಿಸುವ ಪದ್ಧತಿಯಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಹಲ್ಲೆಯಾಯಿತು. ತನಿಖಾ ಆಯೋಗ ಕೂತ ಮೇಲೆ ಸೇವೆಗೆ ನಿಷೇಧ ಬಂತು. ಅಕ್ಕ ತಾನಾಗಿ ಬಿಟ್ಟ ಬಟ್ಟೆಗೂ ಹರಕೆಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳು ಬಿಡಬೇಕಾದ ಬಟ್ಟೆಗೂ ಅಜಗಜಾಂತರ. ಹೆಣ್ಣಿನ ಮೈ ಯಾರ ಕಣ್ಣಿಗೆ, ಯಾರ ಇಚ್ಛೆಯಿಂದ ಎಂಬ ಪ್ರಶ್ನೆ ಈ ಎರಡು ತಾಲ್ಲೂಕುಗಳಲ್ಲಿ ಬರೀ ಕಲಾವಿಮರ್ಶೆಯ ಪ್ರಶ್ನೆಯಾಗಿ ಉಳಿದಿಲ್ಲ.

ಚಿತ್ತಾರಗಿತ್ತಿ ಮತ್ತು ಹಸೆಗೋಡೆ

ದೀವರು ಮಲೆನಾಡಿನ ಬೇಸಾಯಗಾರರು. ಹಳೆಪೈಕರೆಂದೂ ಅವರನ್ನು ಕರೆಯುವುದುಂಟು. ಮಾಜಿ ಮುಖ್ಯಮಂತ್ರಿ, ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಈ ಸಮುದಾಯದವರು. ಬತ್ತದ ಗದ್ದೆ, ಮಣ್ಣಿನ ಗೋಡೆಯ ಮನೆ, ಹುಲ್ಲು ಅಥವಾ ಹೆಂಚಿನ ಮಾಡು ಇದ್ದ ಬದುಕಿನಲ್ಲಿ ಚಿತ್ತಾರ ಬೆಳೆದದ್ದು. ಊರಿಗೆ ಒಬ್ಬಳೋ ಇಬ್ಬರೋ ಕೈ ಚೆನ್ನಾಗಿರುವ ಹೆಂಗಸರು ಇರುತ್ತಾರೆ. ಅವರಿಗೆ ಚಿತ್ತಾರಗಿತ್ತಿ ಎಂಬ ಹೆಸರು. ಮದುವೆ ಗೊತ್ತಾದ ಮನೆಯವರು ಅವರನ್ನು ಕರೆಸುತ್ತಾರೆ. ಕಲಿಕೆಗೆ ಶಾಲೆಯಿಲ್ಲ. ಅಜ್ಜಿಯ ಪಕ್ಕ ಕೂತು ಬಣ್ಣದ ಬಟ್ಟಲು ಹಿಡಿದ ಹುಡುಗಿ ಮುಂದೊಂದು ದಿನ ತಾನೇ ಎಳೆ ಎಳೆಯುತ್ತಾಳೆ.

ಸಾಮಗ್ರಿಯೆಲ್ಲ ಅಡುಗೆಮನೆ, ಹಿತ್ತಿಲು, ಗದ್ದೆಯ ಬದುವಿನಿಂದಲೇ ಬರುತ್ತದೆ. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಿದರೆ ಹಾಳೆ ಸಿದ್ಧ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದದ್ದು ಬಿಳಿ. ಅದೇ ಅಕ್ಕಿಯನ್ನು ಕರಿಕಾಗುವ ತನಕ ಹುರಿದು ಅರೆದರೆ ಕಪ್ಪು. ಹಳದಿ ಬರುವುದು ಗುರಿಗೆ ಕಾಯಿಯ ಬೀಜದಿಂದ. ಕುಂಚವೆಂದರೆ ಪುಂಡಿಯ ನಾರು. ಒಂದು ಎಸಳನ್ನು ಬೇಕಾದಷ್ಟು ತೆಳ್ಳಗೆ ಬಿಡಿಸಿಕೊಂಡರೆ ಗೆರೆಯೂ ಅಷ್ಟೇ ತೆಳ್ಳಗಾಗುತ್ತದೆ. ಅಕ್ಕಿಯ ಹಿಟ್ಟು ಹಸಿಯಿದ್ದಾಗ ಮಂಕಾಗಿ ಕಾಣುತ್ತದೆ. ಎಳೆದ ಗೆರೆ ಹದವಾಗಿ ಬಿದ್ದಿದೆಯೋ ಇಲ್ಲವೋ ಒಣಗಿ ಬೆಳ್ಳಗಾದ ಮೇಲೆಯೇ ಸರಿಯಾಗಿ ಗೊತ್ತಾಗುವುದು. ಆದ್ದರಿಂದ ಚಿತ್ತಾರಗಿತ್ತಿ ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬುತ್ತಾಳೆ.

ಚಿತ್ತಾರದ ಜೀವಾಳ ಎಳೆ. ಪಕ್ಕಪಕ್ಕದಲ್ಲಿ ಒತ್ತಾಗಿ ಹೋಗುವ ಸಮಾನಾಂತರ ಗೆರೆಗಳು ಚೌಕವಾಗುತ್ತವೆ, ಓರೆಯಾಗಿ ಒಂದನ್ನೊಂದು ಹಾಯ್ದು ಜಾಲರಿಯಾಗುತ್ತವೆ. ನಿಲಿ ಎಂಬ ವಿನ್ಯಾಸ ಮಾಡಿನ ಮರದ ಕಟ್ಟಣೆಯನ್ನು ನೆನಪಿಗೆ ತರುತ್ತದೆ. ಜೋಗಿ ಜಡೆ ಹೆಣೆದ ಕೂದಲಿನ ಹಾಗೆ ಉದ್ದಕ್ಕೆ ಇಳಿಯುತ್ತದೆ. ಬಾಸಿಂಗ, ದಂಡಿಗೆ, ತೇರು, ಏಣಿ, ಹಕ್ಕಿ, ಗಿಡ ಎಲ್ಲವೂ ಇದೇ ಗೆರೆಯ ವ್ಯಾಕರಣದಲ್ಲಿ ಬರುತ್ತವೆ. ನಡುವೆ ಗೊಂಬೆಗಳಾಗಿ ಮದುಮಗ, ಮದುಮಗಳು. ಇಡೀ ಗೋಡೆಯಲ್ಲಿ ಇವರ ಪಾಲು ಅಂಗೈ ಅಗಲದ ಜಾಗ. ಮೂಗು, ಕಣ್ಣು, ತುಟಿ ಇಲ್ಲ. ಹೆಣ್ಣು ಗಂಡು ಎಂಬ ಭೇದ ಮೊದಲ ನೋಟಕ್ಕೆ ಸಿಗುವುದೂ ಇಲ್ಲ. ಅವರ ಸುತ್ತ ಚೌಕದ ಮೇಲೆ ಚೌಕ, ಎಳೆಯ ಮೇಲೆ ಎಳೆ ಬಂದು ಮನೆಯೊಂದು ಎದ್ದು ನಿಲ್ಲುತ್ತದೆ.

ಈ ಗೋಡೆಯ ಮುಂದೆಯೇ ನಿಜವಾದ ಮದುಮಕ್ಕಳು ಹಸೆಗೆ ಕೂರುತ್ತಾರೆ. ಆಗ ಚಿತ್ತಾರ ಪೂರ್ತಿಯಾಗುತ್ತದೆ. ಒಡವೆ, ಸೀರೆ, ನಾಚಿಕೆ, ನಗು ಎಲ್ಲ ಹೊತ್ತ ಜೀವಂತ ಹೆಣ್ಣು ಗೋಡೆಯ ಮುಂದೆಯೇ ಇರುವಾಗ ಅವಳ ಮುಖವನ್ನು ಹಿಂದೆ ಮತ್ತೊಮ್ಮೆ ಬರೆಯುವ ಅಗತ್ಯ ಚಿತ್ತಾರಗಿತ್ತಿಗೆ ಕಂಡಿಲ್ಲ. ಹೆಣ್ಣನ್ನು ಬಣ್ಣಿಸುವ ಕೆಲಸವನ್ನು ಅವಳು ಹಾಡಿಗೆ ಬಿಟ್ಟಿದ್ದಾಳೆ. ಬರೆಯುವಾಗ ಹೆಂಗಸರು ಸೇರಿ ಹಾಡುವ ಹಾಡುಗಳಲ್ಲಿ ಮದುಮಗಳ ಅಂದ, ತವರಿನ ಅಗಲಿಕೆ, ಬೀಗರ ಮೇಲಿನ ಕೀಟಲೆ ಧಾರಾಳವಾಗಿ ಬರುತ್ತವೆ. ಗೆರೆ ಮಾಡುವುದು ಜಾಗ ಕಟ್ಟುವ ಕೆಲಸ. ದೀವರಲ್ಲಿ ಹಿಂದೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವ ರೂಢಿಯಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ದುಡಿಯುವ ಕೈಯೊಂದು ಮನೆಯಿಂದ ಹೋಗುತ್ತದೆ ಎಂಬ ಲೆಕ್ಕ ಅದು. ಆ ಕೈಯ ಬೆಲೆ ಗೊತ್ತಿದ್ದ ಸಮಾಜದ ಚಿತ್ರದಲ್ಲಿ ಮೈಗಿಂತ ಮನೆ ದೊಡ್ಡದಾಗಿ ಬಂದದ್ದು ಸಹಜವೇ.

ಪ್ಯಾರಿಸ್ಸಿನ ಕುಂಚ, ಶಿಮ್ಲೆಯ ಮದುಮಗಳು

ಹೆಣ್ಣನ್ನು ಬರೆಯುವ ಕೈ ಯಾರದು ಎಂಬ ಪ್ರಶ್ನೆ ಯುರೋಪಿನಲ್ಲಿ ಮೊನಚಾಗಿ ಎದ್ದದ್ದು ಉತ್ತರ ಇಂಪ್ರೆಷನಿಸಂ ಕಾಲದಲ್ಲಿ. 1910ರಲ್ಲಿ ಲಂಡನ್ನಿನ ಪ್ರದರ್ಶನವೊಂದಕ್ಕೆ ವಿಮರ್ಶಕ ರೋಜರ್ ಫ್ರೈ ಇಟ್ಟ ಹೆಸರಿನಿಂದ ಈ ಪಂಥಕ್ಕೆ ಆ ಗುರುತು ಬಂತು. ಪಾಲ್ ಗೊಗ್ಯಾಂ 1891ರಲ್ಲಿ ಟಹೀಟಿ ದ್ವೀಪಕ್ಕೆ ಹೋಗಿ ಅಲ್ಲಿನ ಹುಡುಗಿಯರನ್ನು ಚಪ್ಪಟೆ ಬಣ್ಣಗಳಲ್ಲಿ, ದಪ್ಪ ಹೊರಗೆರೆಯಲ್ಲಿ ಬರೆದ. ಚಿತ್ರಗಳು ಮೋಹಕ. ಹುಡುಗಿಯರು ಎಳೆಯರು, ಮೌನಿಗಳು, ಫ್ರೆಂಚ್ ಗಂಡಸಿನ ಕನಸಿಗೆ ಒಪ್ಪುವಂಥವರು. ತುಲೂಸ್ ಲೊತ್ರೆಕ್ ಪ್ಯಾರಿಸ್ಸಿನ ವೇಶ್ಯಾಗೃಹಗಳ ಹೆಂಗಸರು ಮುಖ ತೊಳೆಯುವುದನ್ನು, ಸುಸ್ತಾಗಿ ಒರಗುವುದನ್ನು ಬರೆದ. ಅವನಲ್ಲಿ ಮೋಹಕ್ಕಿಂತ ಸಲಿಗೆ ಹೆಚ್ಚು.

ಲೊತ್ರೆಕ್‌ನಿಗೂ ಚಿತ್ರಕಾರ ರೆನ್ವಾರ್‌ಗೂ ರೂಪದರ್ಶಿಯಾಗಿ ಕೂತಿದ್ದ ಸುಝಾನ್ ವಾಲಡೋನ್ (1865–1938) ತಾನೇ ಕುಂಚ ಹಿಡಿದಾಗ ಆಟ ಬದಲಾಯಿತು. ಬಟ್ಟೆ ಒಗೆಯುವವಳ ಮಗಳು, ಹುಡುಗಿಯಾಗಿದ್ದಾಗ ಸರ್ಕಸ್ಸಿನಲ್ಲಿ ಕಸರತ್ತು ಮಾಡಿ ಬಿದ್ದು ಪೆಟ್ಟಾದವಳು ಆಕೆ. 1923ರ ಅವಳ ‘ನೀಲಿ ಕೋಣೆ’ ಎಂಬ ಚಿತ್ರದಲ್ಲಿ ದಪ್ಪನೆಯ ಹೆಂಗಸೊಬ್ಬಳು ಪಟ್ಟೆ ಪೈಜಾಮ ತೊಟ್ಟು, ಬಾಯಲ್ಲಿ ಸಿಗರೇಟು ಇಟ್ಟು, ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ಮಂಚದ ಮೇಲೆ ಒರಗಿದ್ದಾಳೆ. ನೋಡುವವನು ಬಂದನೋ ಹೋದನೋ, ಅವಳಿಗೆ ಪರಿವೆಯಿಲ್ಲ.

ಹೆಣ್ಣನ್ನು ಬರೆಯುವ ಕೈ ಯಾರದೆಂಬ ಪ್ರಶ್ನೆಯನ್ನು ಭಾರತಕ್ಕೆ ತಂದವಳು ಅಮೃತಾ ಶೇರ್‌ಗಿಲ್ (1913–1941). ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತವಳು. 1934ರಲ್ಲಿ ಆಕೆ ತನ್ನನ್ನೇ ಟಹೀಟಿಯ ಹೆಣ್ಣಿನಂತೆ ಬರೆದುಕೊಂಡಳು. ಗೊಗ್ಯಾಂ ನೋಡಿದ ಹೆಣ್ಣಿನ ಜಾಗದಲ್ಲಿ ತಾನೇ ನಿಂತು, ಹಿಂದೆ ಗಂಡಸಿನ ನೆರಳೊಂದನ್ನು ಇಟ್ಟಳು. ಅಜಂತಾ, ದಕ್ಷಿಣ ಭಾರತ ಸುತ್ತಿ ಬಂದ ಮೇಲೆ 1937ರಲ್ಲಿ ಶಿಮ್ಲೆಯಲ್ಲಿ ಬರೆದ ಚಿತ್ರಗಳಲ್ಲಿ ಒಂದು ‘ಮದುಮಗಳ ಸಿಂಗಾರ’. ನಡುವೆ ಮದುಮಗಳು, ಕೆಂಪಾದ ಅಂಗೈ, ಸುತ್ತ ಹೆಂಗಸರು. ಯಾರ ಮುಖದಲ್ಲೂ ಮದುವೆಯ ಸಡಗರವಿಲ್ಲ. ಸೊರಬದ ಹಸೆಗೋಡೆಯೊಂದಿಗೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡನ್ನೂ ಬರೆದವರು ಹೆಂಗಸರು, ಎರಡರ ವಸ್ತುವೂ ಮದುಮಗಳು. ಶೇರ್‌ಗಿಲ್ ಒಬ್ಬ ಹುಡುಗಿಯ ಒಳಗಿನ ಒಂಟಿತನವನ್ನು ಹುಡುಕಿದಳು. ಚಿತ್ತಾರಗಿತ್ತಿಗೆ ಒಬ್ಬಳೇ ಹುಡುಗಿ ಎಂಬ ಕಲ್ಪನೆಯೇ ಇಲ್ಲ. ಗೋಡೆಯ ಮದುಮಗಳು ಊರಿನ ಎಲ್ಲ ಮದುವಣಗಿತ್ತಿಯರೂ ಹೌದು. ಇದರಲ್ಲಿ ಒಂದು ಭದ್ರತೆಯಿದೆ, ಆದರೆ ಅಳುವ ಮದುಮಗಳಿಗೆ ಜಾಗವಿಲ್ಲ ಎಂಬುದನ್ನೂ ಹೇಳಲೇಬೇಕು. ಜನಪದ ಕಲೆಯೆಂದರೆ ಬರೀ ಹೊಗಳುವ ನಮ್ಮ ವಾಡಿಕೆ ಈ ಕೊರತೆಯನ್ನು ಮುಚ್ಚಿಹಾಕುತ್ತದೆ.

ಕರ್ನಾಟಕದ ಚಿತ್ರಕಾರರಲ್ಲಿ ಶೇರ್‌ಗಿಲ್ ಮತ್ತು ಗೊಗ್ಯಾಂ ಇಬ್ಬರ ಛಾಯೆಯನ್ನೂ ಹೊತ್ತು ಬೆಳೆದವರು ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996). 1940ರ ದಶಕದಲ್ಲಿ ಅವರು ಬರೆದ ಹಳ್ಳಿ ಹೆಂಗಸರಲ್ಲಿ ಆ ಛಾಯೆ ಕಾಣುತ್ತದೆ.

ಭೂಮಣ್ಣಿ ಬುಟ್ಟಿ: ಬಸುರಿ ಗದ್ದೆ

ಚಿತ್ತಾರದ ಹೆಣ್ತನ ತುಂಬಿ ಕಾಣುವುದು ಮದುವೆಯ ಗೋಡೆಗಿಂತ ಭೂಮಣ್ಣಿ ಬುಟ್ಟಿಯ ಮೇಲೆ. ಆಶ್ವಯುಜ ಮಾಸದ ಹುಣ್ಣಿಮೆ ಭೂಮಿ ಹುಣ್ಣಿಮೆ. ಬಯಲುಸೀಮೆಯವರಿಗೆ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯ ಬತ್ತ ಹೊಡೆ ತುಂಬಿಕೊಂಡು ನಿಂತಿರುತ್ತದೆ. ಬೆಳೆ ಬಸುರಾಗಿದೆ, ಅದಕ್ಕೆ ಬಯಕೆ ತೀರಿಸಬೇಕು. ಹೆಣ್ಣುಮಗಳಿಗೆ ಸೀಮಂತ ಮಾಡುವ ಹಾಗೆಯೇ ಭೂಮಿಗೂ ಮಾಡುತ್ತಾರೆ.

ತಯಾರಿ ವಿಜಯದಶಮಿಯ ಸುತ್ತ ಶುರು. ಬಿದಿರಿನ ಎರಡು ಬುಟ್ಟಿ, ಒಂದು ದೊಡ್ಡದು, ಒಂದು ಚಿಕ್ಕದು. ಹೆಣಿಗೆಯ ಸಂದು ಮುಚ್ಚುವಂತೆ ಮೊದಲು ಸಗಣಿ ಸಾರಿಸಿ ಒಣಗಿಸುತ್ತಾರೆ. ಅದರ ಮೇಲೆ ಕೆಮ್ಮಣ್ಣು. ಅದೂ ಒಣಗಿದ ಮೇಲೆ ಅಕ್ಕಿಯ ಬಿಳಿಯಲ್ಲಿ ಚಿತ್ತಾರ. ಗೋಡೆ ನೇರ, ಬುಟ್ಟಿ ಉಬ್ಬು. ಗೆರೆ ಹೊರಟಲ್ಲಿಗೆ ಸರಿಯಾಗಿ ಬಂದು ಸೇರಬೇಕು. ಬುಟ್ಟಿಯನ್ನು ಮಡಿಲಿಗೆ ಒರಗಿಸಿಕೊಂಡು ಎಡಗೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ ಬರೆಯುವಾಗ ಒಂದು ಎಳೆ ಓರೆಯಾದರೂ ಇಡೀ ಸುತ್ತು ಓರೆ. ಬತ್ತದ ಸಸಿಯ ಸಾಲು, ಎತ್ತು, ಗಾಡಿ, ಏಣಿ, ಗೊಂಬೆಗಳ ಸಾಲು, ಸೂರ್ಯ, ಚಂದ್ರ ಇದರ ಮೇಲೆ ಬರುತ್ತವೆ. ಇಲ್ಲೂ ಬಸುರಿ ಹೆಣ್ಣಿನ ಚಿತ್ರ ಇರುವುದಿಲ್ಲ. ಊಟ ತುಂಬಿಸಿಕೊಂಡು ಹೊರಡುವ ಉಬ್ಬಿದ ಬುಟ್ಟಿಯೇ ಆ ಚಿತ್ರ.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಬಗೆಬಗೆಯ ಸೊಪ್ಪು, ಕಾಯಿ ಕೂಡಿಸಿ ಬೇಯಿಸಿದ ಹಚ್ಚಂಬಲಿ, ಕಡುಬು ಮತ್ತು ಇನ್ನಿತರ ಬಯಕೆಯ ಅಡುಗೆ ಬೆಳಗಾಗುವುದರೊಳಗೆ ಆಗಬೇಕು. ನಸುಕಿನಲ್ಲಿ ಗಂಡಸು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗುತ್ತ, ಹಚ್ಚಂಬಲಿಯನ್ನು ಬೆಳೆಗೆ ಬೀರಿ ಬರುತ್ತಾನೆ. ಬೆಳಗಾದ ಮೇಲೆ ಮನೆಮಂದಿಯೆಲ್ಲ ಹೋಗಿ ಪೂಜೆ ಮಾಡುತ್ತಾರೆ. ಆಗ ಮನೆಯೊಡತಿ ತನ್ನ ತಾಳಿಸರ, ಒಡವೆಗಳನ್ನು ತೆಗೆದು ಬತ್ತದ ಸಸಿಗೆ ತೊಡಿಸುತ್ತಾಳೆ. ಕಾಗೆಗೆ ಎಡೆಯಿಟ್ಟು, ಒಂದು ಕಡುಬನ್ನು ಗದ್ದೆಯಲ್ಲಿ ಹೂಳಿ, ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಹೆಣ್ಣು ತನ್ನ ಒಡವೆಯನ್ನು ಪೈರಿನ ಕೊರಳಿಗೆ ಹಾಕಿದ ಆ ಗಳಿಗೆಯಲ್ಲಿ ಯಾರು ಯಾರ ಚಿತ್ರ ಎಂದು ಬೇರ್ಪಡಿಸುವುದು ಕಷ್ಟ.

ಹೀಗೆ ಸೀಮಂತ ಮಾಡಿಸಿಕೊಂಡ ಗದ್ದೆ ಬಹುಕಾಲ ದೀವರದಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅವರಲ್ಲಿ ಹೆಚ್ಚಿನವರು ಗೇಣಿದಾರರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಬತ್ತ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡ ಸತ್ಯಾಗ್ರಹದ ಮುಂದಾಳು ಎಚ್. ಗಣಪತಿಯಪ್ಪ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ತನಕ ಒಡೆಯನ ಪಾಲಿಗೆ ಹೋಗುವ ಬತ್ತಕ್ಕೂ ಗೇಣಿದಾರನ ಹೆಂಡತಿ ಬಯಕೆ ತೀರಿಸಿದ್ದಾಳೆ.

ಹೆಸರು, ಮಾರುಕಟ್ಟೆ, ಸಿಮೆಂಟು

ಈ ಸೀಮೆಯ ಕರಕುಶಲ ಕಲೆಗಳೆಲ್ಲ ಹೆಂಗಸರವಲ್ಲ. ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆ ಗಂಡಸರ ಕಸುಬಾಗಿ ಹೆಸರಾಯಿತು. ಅವರ ಸರಸ್ವತಿ, ಲಕ್ಷ್ಮಿಯರು ದಾಸೋಜನ ವಂಶದ ಮಾತನ್ನೇ ಸಣ್ಣ ದನಿಯಲ್ಲಿ ಮುಂದುವರಿಸಿದವರು. ಶಿಕಾರಿಪುರದ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿ ಮಾತ್ರ ಚಿತ್ತಾರದ ಸಂಬಂಧಿ: ಕನ್ನಡಿ, ಕವಡೆ, ಬಣ್ಣದ ನೂಲಿನ ಜ್ಯಾಮಿತಿಯನ್ನು ಅವರು ತಮಗಾಗಿ ಹೊಲಿದು ತಾವೇ ಉಡುತ್ತಾರೆ.

ಚಿತ್ತಾರಗಿತ್ತಿ ಗೋಡೆಗೆ ಸಹಿ ಹಾಕಿದವಳಲ್ಲ. ಮುಂದಿನ ವರ್ಷ ಕೆಮ್ಮಣ್ಣು ಬಳಿಯುವಾಗ ಚಿತ್ತಾರ ಅಳಿಯುತ್ತದೆ, ಅದಕ್ಕೆ ಯಾರೂ ಮರುಗುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಚಿತ್ತಾರ ಕಾಗದಕ್ಕೆ, ಬಟ್ಟೆಗೆ, ಚೌಕಟ್ಟಿಗೆ ಬಂದು ಮೇಳಗಳಲ್ಲಿ ಮಾರಾಟವಾಗತೊಡಗಿದ ಮೇಲೆ ಹೆಸರು ಬೇಕಾಯಿತು. ಆಗ ಮುಂದೆ ಬಂದ ಹೆಸರುಗಳಲ್ಲಿ ಗಂಡಸರದೂ ಸೇರಿವೆ. ಸಾಗರ ತಾಲ್ಲೂಕಿನ ಸಿರಿವಂತೆಯ ಚಂದ್ರಶೇಖರ ಅಂಥವರಲ್ಲಿ ಒಬ್ಬರು. ಚಿತ್ತಾರ ಹೊರಗಿನವರ ಕಣ್ಣಿಗೆ ಬೀಳಲು ಇಂಥವರ ದುಡಿಮೆಯೂ ಕಾರಣ. ಹಾಗಿದ್ದರೂ ತಲೆಮಾರುಗಳ ಕಾಲ ಗೋಡೆ ತುಂಬಿಸಿದ ಅಜ್ಜಿಯರಲ್ಲಿ ಹೆಚ್ಚಿನವರ ಹೆಸರು ಅವರ ಊರಿನಾಚೆಗೆ ದಾಟಿಲ್ಲ.

ಮದುವೆ ಈಗ ಛತ್ರಕ್ಕೆ ಹೋಗಿದೆ. ಮಣ್ಣಿನ ಗೋಡೆಯಿದ್ದ ಕಡೆ ಸಿಮೆಂಟು, ಸುಣ್ಣದ ಬದಲು ಪೇಂಟು. ಹಸೆ ಚಿತ್ತಾರವನ್ನು ಹಾಳೆಯ ಮೇಲೆ ಬರೆಸಿ ತಂದು ಅಂಟಿಸುವುದು ವಾಡಿಕೆಯಾಗುತ್ತಿದೆ. ಬರೆಯುವುದು ಒಂದು ಕಡೆ, ಹಸೆ ಇನ್ನೊಂದು ಕಡೆ ಆದಾಗ ಬರೆಯುವಾಗಿನ ಹಾಡು ಎರಡೂ ಕಡೆ ಇಲ್ಲದಾಗುತ್ತದೆ. ಬುಟ್ಟಿಗೆ ಈ ತೊಂದರೆ ಅಷ್ಟಾಗಿ ತಟ್ಟಿಲ್ಲ. ಅದಕ್ಕೆ ಮಣ್ಣಿನ ಗೋಡೆ ಬೇಡ, ಛತ್ರದವರ ಒಪ್ಪಿಗೆ ಬೇಡ. ಆರ್‌ಸಿಸಿ ಮನೆಯ ಜಗಲಿಯಲ್ಲೂ ಬುಟ್ಟಿಗೆ ಸಗಣಿ ಸಾರಿಸಬಹುದು. ಬತ್ತದ ಗದ್ದೆ ಅಡಿಕೆ ತೋಟವಾದ ಮನೆಗಳಲ್ಲೂ ಭೂಮಿ ಹುಣ್ಣಿಮೆ ನಡೆಯುತ್ತದೆ, ಒಡವೆ ಈಗ ಅಡಿಕೆ ಮರಕ್ಕೆ. ಹಳೆ ಬುಟ್ಟಿಯನ್ನೇ ತೆಗೆದು, ಹೋದ ವರ್ಷದ ಗೆರೆಯ ಮೇಲೆ ಹೊಸ ಕೆಮ್ಮಣ್ಣು ಬಳಿದು, ಮತ್ತೆ ಮೊದಲಿನಿಂದ ಬರೆಯುವವರೂ ಇದ್ದಾರೆ.